ಆಡಿನ ಕಥೆ ಹೇಳಿದ ಹುಡುಗಿ

ಮಗನ ಲಸಿಕೆಯ ಕಾಗದ ಕೊಡಲು ಶ್ರೀಲತಾ ಅಮೆರಿಕದ ಡೌನರ್ಸ್ ಗ್ರೋವ್‌ನ ಶಾಲೆಯೊಂದರ ಆಫೀಸಿಗೆ ಬಂದು ಸರದಿಗಾಗಿ ಕೂತಿದ್ದಳು. ಪಕ್ಕದ ಬೆಂಚಿನಿಂದ ವಯಸ್ಸಾದ ತಾಯಿ ಮತ್ತು ಅವರ ಮಗನ ಕನ್ನಡ ಕಿವಿಗೆ ಬಿತ್ತು. ಆ ಮಗನ ಪುಟ್ಟ ಮಗಳು ಒಳಗೆ ಸ್ಪ್ಯಾನಿಷ್ ಪರೀಕ್ಷೆಗೆ ಹೋಗಿದ್ದಳು.

"ಒಂದನೇ ಕ್ಲಾಸಿಗೆ ಸ್ಪ್ಯಾನಿಷ್ ಬರಲೇಬೇಕೇನೋ ಬಸವಾ?"

"ಹೂನವ್ವ, ಇಲ್ಲೆ ಅರ್ಧ ಪಾಠ ಅದರಾಗ ಹೇಳತಾರ. ಇಂಚರ ಡೇಕೇರ್‌ನಾಗ ಚಲೋ ಕಲತಿದ್ದಳು."

"ನಾ ಬಂದ ಮ್ಯಾಲ ಡೇಕೇರ್ ಬಿಡಿಸಿದ್ರಿ. ಆರು ತಿಂಗಳು ನನ್ನ ಕೂಡ ಬರೇ ಕನ್ನಡ ಮಾತಾಡ್ಯಾಳ. ಎಲ್ಲಾ ಮರತಿದ್ರ?"

"ಹಂಗನಬ್ಯಾಡಬೇ."

"ನನ್ನಿಂದನ ಕೂಸಿಗೆ ಸೀಟು ತಪ್ಪತೈತಿ."

ಶ್ರೀಲತಾಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಟೀಚರ್ ನಗುತ್ತ ಬಸವನಿಗೆ ಫಲಿತಾಂಶದ ಕಾಗದ ಕೊಟ್ಟರು. ಹುಡುಗಿ ಸಂಭ್ರಮದಲ್ಲಿ ಕನ್ನಡ ಮರೆತು ಇಂಗ್ಲಿಷಿನಲ್ಲೇ ಕೂಗುತ್ತ ಓಡಿಬಂದಳು.

"ಅಜ್ಜಿ! ಐ ಟೋಲ್ಡ್ ಹರ್ ಯುವರ್ ಗೋಟ್ ಸ್ಟೋರಿ!"

"ಏನಂತಾಳೋ?"

"ಟೀಚರ್ ಒಂದು ಕಥಿ ಹೇಳು ಅಂದ್ರಂತ. ನೀ ಹೇಳಿದ ಆಡಿನ ಕಥಿ ಸ್ಪ್ಯಾನಿಷ್‌ನಾಗ ಹೇಳ್ಯಾಳಬೇ. ಪಾಸಾಗ್ಯಾಳ!"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಮೊಮ್ಮಗಳ ಕೈ ಹಿಡಿದರು.

"ಆಡಿಗೆ ಏನಂದೀ ನನ ಬಂಗಾರ?"

"ಕಾಬ್ರಾ."

"ಕಾಬರಾ?"

"ನೋ ಅಜ್ಜಿ, ಕಾ-ಬ್ರಾ!"

ಅಜ್ಜಿ ಆ ಮಾತನ್ನು ತಿರುತಿರುಗಿ ಹೇಳಿಕೊಳ್ಳುತ್ತ ಮಗನ ಹಿಂದೆ ಕಾರಿನತ್ತ ನಡೆದರು.