ಗೋಡೆ ಎಷ್ಟೆತ್ತರ?

ಸೆರೆಮನೆಯಲ್ಲಿದ್ದ ತಮ್ಮನನ್ನು ನೋಡಲು ಸಾಲಿನಲ್ಲಿ ನಿಂತಿದ್ದ ದರ್ಜಿ, ಮುಂದಿದ್ದ ಗಂಡಹೆಂಡಿರ ಜಗಳಕ್ಕೆ ಕಿವಿಗೊಟ್ಟ. ಆ ಕಟ್ಟಡದ ನಕ್ಷೆ ಬರೆದವನೇ ಆ ಗಂಡ ಎಂಬುದು ಬೇಗನೆ ತಿಳಿಯಿತು.

"ಅಣ್ಣ ಒಳಗೆ ಹೋಗಿ ನಾಲ್ಕು ದಿನ ಆಯ್ತು. ಒಂದು ದಿನಾನೂ ಹೊಟ್ಟೆ ಖಾಲಿ ಆಗಿಲ್ವಂತೆ ರೀ."

"ಅದಕ್ಕೆ ನಾನೇನೇ ಮಾಡ್ಲಿ?"

"ಮಾಡಿದ್ದೇ ನೀವು! ಕಕ್ಕಸಿಗೆ ಯಾಕೆ ಗೋಡೆ ಇಟ್ಟಿಲ್ಲ?"

"ಮೆಲ್ಲಗೆ ಮಾತಾಡೇ. ಕಾವಲಿನವನು ಕೂತಲ್ಲಿಂದಲೇ ಎಲ್ಲಾ ಕೋಣೆ ನೋಡ್ಬೇಕು ಅಂತ ಹಾಗೆ ಮಾಡಿದ್ದು. ಅದಕ್ಕೇ ಅಲ್ವಾ ನಂಗೆ ಬಹುಮಾನ ಬಂದಿದ್ದು?"

"ನೋಡೋಕೆ ಅಲ್ಲೇನು ಚೆಂದ ಇದೆ? ನಮ್ಮಣ್ಣ ಮನೇಲೇ ಎರಡೆರಡು ಚಿಲಕ ಹಾಕ್ಕೊಂಡು ಕೂರೋನು."

"ಭಾವ ಇಲ್ಲಿಗೆ ಬರ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಯಾರದೋ ಅಣ್ಣ ಬರ್ತಾನೆ ಅಂತ ಗೊತ್ತಿತ್ತಲ್ಲ!"

ತಮ್ಮ ಮೂರು ತಿಂಗಳಿಂದ ಅರ್ಧ ಹೊಟ್ಟೆ ಉಣ್ಣುತ್ತಿರುವುದು ಏಕೆಂದು ದರ್ಜಿಗೆ ಈಗ ಹೊಳೆಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗಂಡ ಜೇಬಿನಿಂದ ಪೆನ್ನು ತೆಗೆದು ಭೇಟಿಚೀಟಿಯ ಹಿಂದೆ ಗೀಚಿದ. "ಎರಡಡಿ ಗೋಡೆ ಎಬ್ಬಿಸಿ ಅಂತ ಮೇಲಿನವರಿಗೆ ಬರೀತೀನಿ. ಸಾಕಾ?"

ಅಷ್ಟರಲ್ಲಿ ಅವರ ಸರದಿ ಬಂತು. ಬಾಗಿಲಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಕಾವಲುಗಾರ ಚೀಟಿ ಇಸಿದುಕೊಂಡು, ಹಿಂದೆಮುಂದೆ ತಿರುಗಿಸಿ ನೋಡಿ, ಮರಳಿ ಕೊಟ್ಟ.

"ನಾಲ್ಕಡಿ ಅಂತ ಬರೀರಿ ಸಾರ್. ದಿನಾ ಅಲ್ಲಿ ಕೂತು ನೋಡೋನು ನಾನು."

ಹೆಂಡತಿ ಕೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ನಡೆದಳು. ಗಂಡ ಎರಡನ್ನು ಹೊಡೆದುಹಾಕಿ ನಾಲ್ಕು ಮಾಡುತ್ತ ಅವಳ ಹಿಂದೆ ಹೋದ.