ವಂಶವೃಕ್ಷ ಮತ್ತು ಶ್ರೀ ಎಸ್ಪೊಸಿಟೊ

ಲೂಕನ್ ಕನ್ನಡ ಬಳಗದ ಅಧ್ಯಕ್ಷರಾದ ಶ್ರೀ ಹೇಮಚಂದ್ರ ಅವರೇ, ಎರಡು ಮೀಟರ್ ದೂರದಲ್ಲಿ ಕೂತು ಮಾಸ್ಕಿನೊಳಗೇ ನಗುತ್ತಿರುವ ಅತಿಥಿಗಳೇ, ತೆರೆದ ಕಿಟಕಿಗಳ ಚಳಿಯನ್ನೂ ನನ್ನ ಕೊರೆತವನ್ನೂ ಒಟ್ಟಿಗೇ ಸಹಿಸಬೇಕಾದ ಸಭಿಕರೇ,

ಕಡಲಾಚೆಯ ಈ ಲೂಕನ್ ಊರಿಗೆ, ಮಗ ಅರ್ಜುನನ ಮನೆಗೆ, ಮೂರು ತಿಂಗಳಿಗೆಂದು ಬಂದವನು ಈ ವೆಂಕಟೇಶಮೂರ್ತಿ. ಕೋವಿಡ್ ದೆಸೆಯಿಂದ ಇಪ್ಪತ್ತು ತಿಂಗಳಾಯಿತು. ಮೈಸೂರಿನ ನಿವೃತ್ತ ಹೆಡ್‌ಮಾಸ್ಟರು ಸುಮ್ಮನೆ ಕೂರುತ್ತಾನೆಯೇ? ನಮ್ಮ ಮನೆತನದ ಹದಿನಾಲ್ಕು ತಲೆಮಾರಿನ ವಂಶವೃಕ್ಷ ಬರೆದೆ. ಇಂದು ನೀವು ಅದನ್ನು ಬಿಡುಗಡೆ ಮಾಡಿ ನನಗೆ ಶಾಲು ಹೊದಿಸಿದಿರಿ. ಹಗಲೆಲ್ಲ ಆಸ್ಪತ್ರೆಯಲ್ಲಿ ದುಡಿದು ಬಂದು, ಸಂಜೆ ಅದನ್ನು ಟೈಪ್ ಮಾಡಿಕೊಟ್ಟವಳು ನನ್ನ ಸೊಸೆ ನೀಲಾ. ಶಾಲು ಅವಳಿಗೆ ಸಲ್ಲಬೇಕಿತ್ತು.

ಪುಸ್ತಕದ ಪಾರ್ಸೆಲ್ ಬಂದದ್ದು ಹೋದ ಶನಿವಾರ ಬೆಳಿಗ್ಗೆ. ಮಧ್ಯಾಹ್ನ ಒಂದು ಪ್ರತಿ ಹಿಡಿದು ಪಕ್ಕದ ಮನೆಯ ಶ್ರೀ ಎಸ್ಪೊಸಿಟೊ ಅವರಿಗೆ ತೋರಿಸಲು ಹೋದೆ. ತೋರಿಸಲು ಎಂದರೆ, ಜಂಬ ಕೊಚ್ಚಿಕೊಳ್ಳಲು. ನಲವತ್ತು ವರ್ಷ ಇಲ್ಲಿ ಮೀನು, ಚಿಪ್ಸ್ ಅಂಗಡಿ ನಡೆಸಿದ ಇಟಲಿಯವರು ಅವರು. ‘ನಿಮ್ಮ ವಂಶ ಎಲ್ಲಿಂದ ಶುರು?’ ಎಂದೆ. ‘ಗೋಡೆಯಲ್ಲಿದ್ದ ಒಂದು ಕಿಂಡಿಯಿಂದ’ ಎಂದು ನಕ್ಕರು.

ನೇಪಲ್ಸ್ ನಗರದ ಅನಾಥಾಲಯವೊಂದರ ಗೋಡೆಯಲ್ಲಿ ತಿರುಗುವ ಪೆಟ್ಟಿಗೆ ಇತ್ತಂತೆ. ಸಾಕಲಾಗದ ತಾಯಿ ಹೊರಗಿನಿಂದ ಕೂಸನ್ನು ಅದರಲ್ಲಿಟ್ಟು ತಿರುಗಿಸಿದರೆ, ಒಳಗಿನವರು ಎತ್ತಿಕೊಳ್ಳುತ್ತಿದ್ದರು. ತಂದೆ ಯಾರೆಂದು ತಿಳಿಯದ ಆ ಕೂಸುಗಳಿಗೆ ಇಡುತ್ತಿದ್ದ ಮನೆತನದ ಹೆಸರೇ ಎಸ್ಪೊಸಿಟೊ. ಹೊರಗೆ ಬಿಟ್ಟ ಮಗು ಎಂದು ಅರ್ಥ. ಇನ್ನೂರು ವರ್ಷಗಳ ಹಿಂದೆ ಹಾಗೆ ಹೆಸರಿಡುವುದನ್ನೇ ನಿಲ್ಲಿಸಿದರಂತೆ. ಆದರೂ ಹೆಸರು ಉಳಿಯಿತು. ಎಷ್ಟು ಉಳಿಯಿತು ಗೊತ್ತೇ?

ಅವರು ತಮ್ಮೂರು ನೇಪಲ್ಸಿನ ಹಳೆಯ ಟೆಲಿಫೋನ್ ಡೈರೆಕ್ಟರಿ ತಂದು, ಹಿತ್ತಲ ಕಟ್ಟೆಯ ಮೇಲಿಟ್ಟು ಹಿಂದೆ ಸರಿದರು. ನಾನು ಪುಟ ತಿರುವಿದೆ. ಬೆರಳಿಗೆ ಎಂಜಲು ಹಚ್ಚಲಿಲ್ಲ, ಸ್ಯಾನಿಟೈಸರ್ ಹಚ್ಚಿಕೊಂಡೇ ತಿರುವಿದೆ. ಎಸ್ಪೊಸಿಟೊ. ಮುಂದಿನ ಪುಟವೂ ಎಸ್ಪೊಸಿಟೊ. ಅದರ ಮುಂದಿನದೂ! ಅಬ್ಬಾ, ಮೈ ಜುಮ್ಮೆಂದಿತು ಸಭಿಕರೇ! ಹಿಂದೆ ಯಾರೂ ಇಲ್ಲದ ಕೂಸುಗಳ ಮುಂದೆ ಒಂದು ಊರಿಗೆ ಊರೇ ನಿಂತಿದೆ! ನನ್ನ ಹದಿನಾಲ್ಕು ತಲೆಮಾರು ಸೇರಿದರೂ ಅದರ ಒಂದು ಪುಟ ತುಂಬುವುದಿಲ್ಲ. ‘ಒಳಗಿನಿಂದ ಎತ್ತಿಕೊಂಡ ದಾದಿ ಯಾರೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವಳಿಂದಲೇ ಶುರು ಮಾಡುತ್ತೇವೆ’ ಎಂದರು ಎಸ್ಪೊಸಿಟೊ. ನಾನು ತೋರಿಸಲು ತಂದ ಪ್ರತಿಯನ್ನು ಕಂಕುಳಲ್ಲಿ ಅಡಗಿಸಿಕೊಂಡು ಮನೆಗೆ ಬಂದೆ.

ಏಕೆಂದರೆ ಅಂದು ಬೆಳಿಗ್ಗೆ... ಇದನ್ನು ಹೇಳಬಾರದೆಂದುಕೊಂಡೇ ಬಂದಿದ್ದೆ. ಅಂದು ಬೆಳಿಗ್ಗೆ ನನ್ನ ಮೊಮ್ಮಗಳು, ಏಳು ವರ್ಷದ ಅದಿತಿ, ಪುಸ್ತಕದ ಕೊನೆಯಲ್ಲಿ ಅಪ್ಪ ಅಮ್ಮನ ಹೆಸರಿನ ಕೆಳಗೆ ಬೆರಳಿಟ್ಟು, ‘ತಾತಾ, ವೇರ್ ಆಮ್ ಐ?’ ಎಂದು ಕೇಳಿದಳು. ಅವಳನ್ನು ಅರ್ಜುನ, ನೀಲಾ ಮಕ್ಕಳ ಮನೆಯೊಂದರಿಂದ ದತ್ತು ತಂದದ್ದು. ಆ ಕೊನೆಯ ಪುಟ ಟೈಪ್ ಮಾಡುವಾಗಲೇ ನೀಲಾ, ‘ಮಾವ, ಇಲ್ಲಿ ಅದಿತಿ ಹೆಸ್ರು ಹಾಕ್ಲಾ?’ ಎಂದಿದ್ದಳು. ‘ಇದು ರಕ್ತಸಂಬಂಧದ ಪಟ್ಟಿ, ಬೇಡಮ್ಮ’ ಎಂದಿದ್ದೆ. ಅವಳು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದಳು. ಅಂದಿನಿಂದ ನನ್ನೊಡನೆ ಊಟಕ್ಕೆ ಕೂರುತ್ತಿಲ್ಲ. ಮಗುವಿಗೆ ನಾನು, ‘ಮುಂದಿನ ಪುಟದಲ್ಲಿದ್ದೀಯ ಪುಟ್ಟಾ’ ಎಂದು ಸುಳ್ಳು ಹೇಳಿದೆ. ಪುಟ ತಿರುವಿದಳು. ಅಲ್ಲಿದ್ದದ್ದು ಪ್ರೆಸ್ಸಿನವರ ವಿಳಾಸ. ಇಲ್ಲಿನವರು ‘ಆಯ್ತು, ಪರವಾಗಿಲ್ಲ’ ಎನ್ನುವ ಹಾಗೆ, ‘ಗ್ರ್ಯಾಂಡ್, ತಾತಾ’ ಎಂದು ಪುಸ್ತಕ ಮುಚ್ಚಿ ನನ್ನ ಕೈಗೇ ಕೊಟ್ಟಳು.

ಮನೆಯವರು ಎತ್ತಿಕೊಂಡ ಮಗುವನ್ನು ನಾನು ಮತ್ತೆ ಹೊರಗಿಟ್ಟಿದ್ದೆ. ಹೇಳಲು ನಾಚಿಕೆಯಾಗುತ್ತದೆ.

ದಯವಿಟ್ಟು ನಿಮ್ಮ ಕೈಲಿರುವ ಪ್ರತಿಯ ನಲವತ್ತೆಂಟನೇ ಪುಟ ತೆರೆಯಿರಿ. ಅರ್ಜುನ, ನೀಲಾ ಹೆಸರುಗಳ ಕೆಳಗೆ ಅದಿತಿ ಎಂದು ಬರೆಯಿರಿ. ದತ್ತು ಗಿತ್ತು ಎಂದೆಲ್ಲ ಸೇರಿಸಬೇಡಿ. ನನ್ನ ಪೂರ್ವಜರು ಬೇಸರಪಟ್ಟರೆ, ಮೇಲೆ ಹೋದ ಮೇಲೆ ನಾನೇ ಸಮಾಧಾನ ಮಾಡಿಕೊಳ್ಳುತ್ತೇನೆ. ಅದಿತಿ, ಇಲ್ಲಿ ಬಾರಮ್ಮ. ತಾತನ ಪುಸ್ತಕದಲ್ಲಿ ನೀನೇ ಬರಿ. ಇಂಗ್ಲಿಷಿನಲ್ಲಾದರೂ ಸರಿ. ನೀಲಾ, ಅವಳ ಕೈಗೆ ಪೆನ್ನು ಕೊಡಮ್ಮ, ನಿನ್ನ ಮಾವ ತಪ್ಪು ಮಾಡಿದ.

ಅವಳು ಬರೆದು ಮುಗಿಸುವವರೆಗೆ ಯಾರೂ ಏಳಬೇಡಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲರಿಗೂ ವಂದನೆಗಳು, ನಮಸ್ಕಾರ.