ಈಶಾನ್ಯಕ್ಕೆ ಹೊರಟ ಮಣ್ಣು

ಕೇಳಿ ಭಕ್ತರೇ, ಒಂದು ದಿಣ್ಣೆ. ಅದರ ಮೇಲೆ ಒಬ್ಬ ಶ್ರೀಮಂತನ ಹೊಲ. ಹೊಲದ ಕೆಳಗೆ ಅವನು ಕಟ್ಟಿಸ್ತಿದ್ದ ಹೊಸ ಮನೆ. ಇನ್ನೂ ಕೆಳಗೆ, ಈಶಾನ್ಯ ಮೂಲೆಯಲ್ಲಿ, ಬಾವಿ. ಕುಡಿಯೋಕೆ ಅವನಿಗಿದ್ದದ್ದು ಅದೊಂದೇ ನೀರು.

ವಾಸ್ತು ಹೇಳೋನು ಬಂದ. "ಯಜಮಾನ್ರೇ, ನೀರು ಈಶಾನ್ಯಕ್ಕೆ ಹರೀಬೇಕು. ಎಲ್ಲೂ ತಡೀಬಾರದು. ತಡೆದರೆ ಲಕ್ಷ್ಮಿಗೆ ಅಡ್ಡ ನಿಂತಂಗೆ."

ಲಕ್ಷ್ಮಿ ಹೆಸರು ಕಿವಿಗೆ ಬಿದ್ದರೆ ಶ್ರೀಮಂತನ ಬುದ್ಧಿ ರಜಾ ಹಾಕುತ್ತೆ. ಹೊಲದ ಬದುಗಳನ್ನೆಲ್ಲ ಒಡೆಸಿದ. ಅಡ್ಡ ಉಳುತ್ತಿದ್ದ ಹೊಲವನ್ನು ಮೇಲಿಂದ ಕೆಳಕ್ಕೆ ನೆಟ್ಟಗೆ ಉಳುಮೆ ಮಾಡಿಸಿದ. ಪಾಯದಿಂದ ತೆಗೆದ ಮಣ್ಣನ್ನು ಇಳಿಜಾರಲ್ಲೇ ಗುಡ್ಡೆ ಹಾಕಿಸಿದ.

ಮಣ್ಣು ಹೊರುತ್ತಿದ್ದ ಮುದುಕಿ ಕೇಳಿದಳು: "ಧಣೀ, ಗುಡ್ಡೆ ಸುತ್ತ ನಾಕು ಕಲ್ಲಾದರೂ ಇಡಾನಾ? ಮಳೆ ಬಂದರೆ ಮಣ್ಣು ಓಡ್ತದೆ."

"ಸುಮ್ನಿರಮ್ಮ. ಮಣ್ಣಿಗೇನು ಕಾಲಿದೆಯಾ?"

"ಕಾಲಿಲ್ಲ ಧಣೀ. ದಾರಿ ನೀವೇ ಮಾಡಿಕೊಟ್ಟಿದ್ದೀರಲ್ಲ."

ನೋಡಿ, ಮಳೆ ಬಂತು. ಒಂದೇ ಮಳೆ. ಹೊಲದ ಮೇಲ್ಮಣ್ಣು ಹೊರಟಿತು, ಪಾಯದ ಗುಡ್ಡೆಯನ್ನೂ ಜೊತೆಗೆ ಕರೆದುಕೊಂಡಿತು, ವಾಸ್ತು ಪ್ರಕಾರ ನೇರ ಈಶಾನ್ಯಕ್ಕೆ ಹೋಗಿ ಬಾವಿಗೆ ಬಿತ್ತು. ಒಂದು ಗೇಣೂ ದಾರಿ ತಪ್ಪಲಿಲ್ಲ!

ಹೆಂಡತಿ ಬಾವಿಗೆ ಬಿಂದಿಗೆ ಬಿಟ್ಟಳು. 'ದೊಪ್' ಅಂತು. ಎಳೆದು ನೋಡಿ ಕೂಗಿದಳು: "ರೀ, ಆರತಿ ತಟ್ಟೆ ತನ್ನಿ! ನಿಮ್ಮ ಲಕ್ಷ್ಮಿ ಬಂದಿದ್ದಾಳೆ, ಬಿಂದಿಗೆ ತುಂಬ ಕೆಸರು!"

ಶ್ರೀಮಂತ ವಾಸ್ತುವಿನವನ ಹತ್ತಿರ ಓಡಿದ. ಅವನೇನಂದ ಗೊತ್ತಾ? "ಹರಿವು ಸರಿಯಾಗೇ ಇದೆ ಯಜಮಾನ್ರೇ. ಬಾವೀಲೇ ದೋಷ."

ಹೊಲದಲ್ಲಿ ಉಳಿದದ್ದು ಬರೀ ಕಲ್ಲು. ಶ್ರೀಮಂತ ಬಿಂದಿಗೆ ಹಿಡಿದು ಮುದುಕಿಯ ಕೇರಿಯ ನಲ್ಲಿ ಮುಂದೆ ಸಾಲಲ್ಲಿ ನಿಂತ.

ನಗ್ತೀರಿ. ನಗಿ, ನಗಿ. ಈ ಮಠದ ಹಿಂದೆ ನೀವು ಕಟ್ಟಿಸ್ತಿದ್ದೀರಲ್ಲ ದಾಸೋಹದ ಮನೆ, ಅದರ ಪಾಯದ ಮಣ್ಣು ಎಲ್ಲಿದೆ? ಚರಂಡಿ ಬಾಯಲ್ಲಿ! ಚರಂಡಿ ಹೋಗೋದೆಲ್ಲಿಗೆ? ನೀವು ನೀರು ಕುಡಿಯೋ ಕೆರೆಗೆ! ಗುದ್ದಲಿಗೆ ಕುಂಕುಮ ಇಟ್ಟಿರಿ, ಕಾಯಿ ಒಡೆದಿರಿ, ಫೋಟೋ ತೆಗೆಸಿಕೊಂಡಿರಿ. ಮಣ್ಣಿನ ಮೇಲೆ ಒಂದು ಹರಕು ತಾಡಪಾಲು ಹೊದಿಸೋಕೆ ಯಾರಿಗೂ ಪುರುಸೊತ್ತಿಲ್ಲ.

ಇಳಿಜಾರಿಗೆ ಅಡ್ಡ ಉಳುಮೆ ಮಾಡಿ. ಬದು ಒಡೀಬೇಡಿ, ಅದರ ಮೇಲೆ ಹುಲ್ಲು ಬೆಳೆಯೋಕೆ ಬಿಡಿ. ಮನೆ ಕಟ್ಟಿಸೋರು ತೆಗೆದ ಮಣ್ಣನ್ನು ಚರಂಡಿಯಿಂದ ದೂರ ಹಾಕಿ, ಸುತ್ತ ಕಲ್ಲು ಜೋಡಿಸಿ, ಮೇಲೆ ಮುಚ್ಚಿ. ದೇವರು ಯಾವ ದಿಕ್ಕಿಂದ ಬರ್ತಾನೋ ಅದು ಅವನ ತಲೆನೋವು.

ಪಡುವಣದಲ್ಲಿ ಮೋಡ ಕಟ್ಟಿದೆ. ಪ್ರಸಾದ ಆಮೇಲೆ. ಏಳಿ, ನಿಮ್ಮ ತಲೆ ಮೇಲಿನ ಈ ಶಾಮಿಯಾನ ಬಿಚ್ಚಿ, ಹಿಂದುಗಡೆ ಮಣ್ಣಿಗೆ ಹೊದಿಸಿ. ನೀವು ನೆನೆದರೆ ಮನೆಗೆ ಹೋಗಿ ಒರೆಸಿಕೊಳ್ಳಬಹುದು.

ಹೂಂ, ಏಳಿ!